ಅಪ್ಪನ ಪೇಪರ್ ಕಟ್ಟಿನ ಮೇಲಿನ ಡಿಸ್ಕ್

ಮನೆ, ಆಫೀಸ್ ಕೋಣೆ
ನವೆಂಬರ್ ೧೧, ಮಂಗಳವಾರ, ಬೆಳಗ್ಗೆ ಹತ್ತೂಕಾಲು

ಪ್ರೀತಿಯ ಗುಬ್ಬೀ,

ಹೇಗಿದ್ದೀಯಪ್ಪ? ಹಲ್ಲುನೋವು ಕಡಿಮೆಯಾಯಿತೇ? ಕಳೆದ ಸಲ ಜಾಲರಿಯ ಆಚೆ ಕೂತಿದ್ದಾಗ ನೀನು ಒಂದೇ ದವಡೆಯಲ್ಲಿ ಮಾತಾಡುತ್ತಿದ್ದೆ, ಕೇಳಿದರೆ ಏನೂ ಇಲ್ಲ ಅಂದೆ. ಜೈಲಿನ ಡಾಕ್ಟರಿಗೆ ತೋರಿಸು, ಸಂಕೋಚ ಮಾಡಬೇಡ. ಎರಡನೇ ಕಂಬಳಿ ಕೈಗೆ ಸೇರಿತೋ ಇಲ್ಲವೋ ಅದನ್ನೂ ಬರಿ. ಅಪ್ಪ ಚೆನ್ನಾಗಿದ್ದಾರೆ. ಮಂಡಿ ಹಾಗೇ ಇದೆ, ಬಾಯಿಯೂ ಹಾಗೇ ಇದೆ. ನಲವತ್ತು ವರ್ಷ ಲಿಫ್ಟ್ ರಿಪೇರಿ ಮಾಡಿದ ಮನುಷ್ಯ ಆಗಸ್ಟಿನಲ್ಲಿ ಆ ಲಿಫ್ಟ್ ಬಿದ್ದಾಗಿನಿಂದ ಒಂದು ಲಿಫ್ಟಿಗೂ ಕಾಲಿಟ್ಟಿಲ್ಲ. ಮೂರು ಮಹಡಿಯನ್ನೂ ಏದುಸಿರು ಬಿಡುತ್ತ ಹತ್ತಿ ಬರುತ್ತಾರೆ, ಬಂದವರೇ ನನ್ನ ಮೇಲೆ ಹಾರಾಡುತ್ತಾರೆ. ನಾನೂ ಮೆಟ್ಟಿಲಲ್ಲೇ ಓಡಾಡುತ್ತಿದ್ದೇನೆ.

ನಿನ್ನ ಕಾಗದ ಶನಿವಾರ ಬಂತು. ಎರಡನೇ ಪುಟವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. "ಅಕ್ಕ, ಆ ಕಟ್ಟಡದ ಲಿಫ್ಟ್ ನಾನು ಸರಿಯಾಗಿ ನೋಡಿದ್ನಾ? ಎಳೆ ಬಿಟ್ಟಿದ್ದ ರೋಪ್ ಇಲ್ಲೇ ನೋಡಿದ್ದಾ, ಬೇರೆ ಕಡೆ ನೋಡಿ ಇಲ್ಲಿ ಅಂದ್ಕೊಂಡಿದ್ದೀನಾ? ಈಗೀಗ ನನ್ನ ಮೇಲೆ ನನಗೇ ನಂಬಿಕೆ ಇಲ್ಲ" ಎಂದು ಬರೆದಿದ್ದೀಯಲ್ಲ, ಅದನ್ನೇ. ಕಟ್ಟಡದ ಮಾಲೀಕ ಹೊರಗೆ ಆರಾಮವಾಗಿ ಓಡಾಡಿಕೊಂಡು, ತಪಾಸಣೆಗೆ ಬಂದ ಹುಡುಗ ಎಲ್ಲ ಸರಿಯಿದೆ ಅಂದ, ಲಿಫ್ಟ್ ಕೆಟ್ಟಿದೆ ಅಂತ ನನಗೆ ಯಾವ ಕೆಂಪು ಚೀಟಿಯೂ ಕೊಟ್ಟಿಲ್ಲ ಎನ್ನುತ್ತಿದ್ದಾನೆ. ಲಿಫ್ಟ್ ಬಿದ್ದು ಸತ್ತವಳ ಗಂಡ ದಿನವೂ ಕೋರ್ಟಿನ ಮುಂದೆ ಕೂರುತ್ತಾನಂತೆ. ವಕೀಲರು ಕೇಳುತ್ತಿರುವುದು ಒಂದೇ: ಫೆಬ್ರವರಿಯಲ್ಲಿ ನೀನು ತೆಗೆದ ಫೋಟೋ. ಶುಕ್ರವಾರದ ವಿಚಾರಣೆಗೆ ಮುಂಚೆ ಅದು ಅವರ ಕೈಲಿರಬೇಕು. ಇಲ್ಲದಿದ್ದರೆ ಜಾಮೀನಿನ ಮಾತೇ ಎತ್ತಬೇಡಿ ಅಂದುಬಿಟ್ಟರು.

ಇಂಥ ಹೊತ್ತಿಗೇ ಫೋಟೋಗಳನ್ನೆಲ್ಲ ಇಡುವ ನಮ್ಮ ಸ್ಟೋರೇಜ್ ಡಬ್ಬ ಕೈಕೊಟ್ಟಿತು. ಗುರುವಾರ ಬೆಳಗ್ಗೆ ಕಂಪ್ಯೂಟರ್ ಹಾಕಿದರೆ ಯಾವ ಫೋಲ್ಡರೂ ಇಲ್ಲ. ಶೆಲ್ಫಿನ ಕಡೆ ನೋಡಿದೆ, ಐದು ವರ್ಷದಿಂದ ಆರದೇ ಉರಿಯುತ್ತಿದ್ದ ಹಸಿರು ದೀಪ ಆರಿತ್ತು. ಮುಟ್ಟಿದೆ, ತಣ್ಣಗಿತ್ತು. ಅಪ್ಪ ಅದರ ತಲೆಯ ಮೇಲೆ ಎರಡು ಬಾರಿಸಿ, "ನಮ್ಮ ಕಾಲದ ಮೋಟಾರ್ ಆಗಿದ್ರೆ ಇಷ್ಟಕ್ಕೇ ಎದ್ದಿರೋದು" ಅಂದರು. ಎರಡೂ ಡಿಸ್ಕನ್ನು ಬಿಚ್ಚಿ, ಟವೆಲಿನಲ್ಲಿ ಸುತ್ತಿ, ಹಸುಗೂಸಿನ ಹಾಗೆ ಎದೆಗವಚಿಕೊಂಡು ಶುಕ್ರವಾರ ಕಂಪ್ಯೂಟರ್ ಅಂಗಡಿಗೆ ಹೋದೆ. ನೀನು ನಿಧಾನರಾಯರು ಅಂತ ಹೆಸರಿಟ್ಟಿದ್ದೆಯಲ್ಲ, ಅವರೇ ಇದ್ದರು. ಹೆಸರಿಗೆ ತಕ್ಕ ಹಾಗೆ ಕನ್ನಡಕ ಒರೆಸಿಕೊಳ್ಳಲೇ ಐದು ನಿಮಿಷ.

ಅವರಲ್ಲಿ ರಿಪೇರಿಗೆ ಬಂದಿದ್ದ, ನಮ್ಮ ಡಬ್ಬದ ಕಂಪನಿಯದೇ ಆದ ಇನ್ಯಾರದೋ ಡಬ್ಬ ಇತ್ತು. ಅದಕ್ಕೆ ನಮ್ಮ ಡಿಸ್ಕ್ ಹಾಕಿದರು. ಡಬ್ಬ ಮಾತ್ರ ಸತ್ತಿದೆ ಗುಬ್ಬೀ, ಡಿಸ್ಕುಗಳಿಗೆ ಏನೂ ಆಗಿಲ್ಲ. ಐದು ವರ್ಷದ ತಪಾಸಣೆ ಫೋಟೋ ಎಲ್ಲ ಸಾಲಾಗಿ ಬಂತು. ಆ ಒಂದು ಕಟ್ಟಡದ್ದು ಮಾತ್ರ ಇಲ್ಲ. ಅವರು ನಮ್ಮ ಪದ್ಧತಿ ಏನು ಅಂತ ಕೇಳಿದರು. ಹೇಳಿದೆ: ಕೆಟ್ಟಿರುವುದರ ಫೋಟೋ ಕೆಂಪು ಫೋಲ್ಡರಿಗೆ ಹೋಗುತ್ತದೆ, ರಿಪೇರಿಯಾದ ಮೇಲೆ ನನ್ನ ತಮ್ಮ ಹೋಗಿ ಕಣ್ಣಾರೆ ನೋಡಿ ತೆಗೆದ ಫೋಟೋ ಹಸಿರು ಫೋಲ್ಡರಿಗೆ ಬರುತ್ತದೆ, ಆಮೇಲೆ ಶನಿವಾರ ನಾನು ಕೆಂಪಿನಲ್ಲಿರುವುದನ್ನು ತೆಗೆದುಹಾಕುತ್ತೇನೆ. ಅಪ್ಪ ಹಳೇ ಕಾಲದಲ್ಲಿ ಕೆಂಪು ಚೀಟಿ ಹರಿದು ಒಲೆಗೆ ಹಾಕುತ್ತಿದ್ದರು, ರಿಪೇರಿಯಾದ ಮೇಲೂ ಮುರುಕಲಿನ ಚೀಟಿ ಮನೆಯಲ್ಲಿ ಯಾಕೆ ಅಂತ. ನಾನು, ಎರಡು ಡಿಸ್ಕ್ ಇದೆಯಲ್ಲ, ಒಂದರಲ್ಲಿಲ್ಲದಿದ್ದರೆ ಇನ್ನೊಂದರಲ್ಲಿ ಇರಬೇಕಲ್ಲ ಅಂದೆ. "ಇಲ್ಲಮ್ಮ. ಒಂದು ಡಿಸ್ಕ್ ಕೆಟ್ರೆ ಇನ್ನೊಂದು ಕಾಪಾಡುತ್ತೆ. ಆದ್ರೆ ಯಾರಾದ್ರೂ ಕೈಯಾರೆ ಅಳಿಸಿದ್ರೆ ಎರಡ್ರಲ್ಲೂ ಒಟ್ಟಿಗೇ ಹೋಗುತ್ತೆ" ಅಂದರು. ಡಿಸ್ಕುಗಳನ್ನು ಮತ್ತೆ ಟವೆಲಿನಲ್ಲಿ ಸುತ್ತಿಕೊಂಡು ಎದ್ದುಬಂದೆ.

ಭಾನುವಾರ ಅಪ್ಪನಿಗೆ ಕಾಫಿ ಕೊಡಲು ಬಾಲ್ಕನಿಗೆ ಹೋದಾಗ ಕಣ್ಣಿಗೆ ಬಿತ್ತು. ಹಳೇ ಪೇಪರುಗಳು ಗಾಳಿಗೆ ಹಾರದಿರಲಿ ಅಂತ ಅವರು ಮೇಲೆ ಭಾರ ಇಟ್ಟಿರುತ್ತಾರಲ್ಲ, ಅದು ಡಿಸ್ಕ್! ಮಾರ್ಚಿನಲ್ಲಿ ಒಂದು ಡಿಸ್ಕ್ ಕರಕರ ಸದ್ದು ಮಾಡುತ್ತಿದೆ ಅಂತ ನೀನು ತೆಗೆದು ಹೊಸದು ಹಾಕಿದೆಯಲ್ಲ, ಹಳೆಯದನ್ನು ಬಿಸಾಡು ಅಂದಿದ್ದೆ, ಅಪ್ಪ ಗಟ್ಟಿ ಸಾಮಾನು ಅಂತ ಎತ್ತಿಟ್ಟುಕೊಂಡಿದ್ದರು. ಫೆಬ್ರವರಿಯ ಫೋಟೋ ಅದರಲ್ಲಿ ಇದ್ದೇ ಇರಬೇಕು. ಎಂಟು ತಿಂಗಳು ಬಿಸಿಲು, ದೂಳು, ಪಾರಿವಾಳದ ಹಿಕ್ಕೆ ಎಲ್ಲ ಅದರ ಮೇಲೆ. ನಾನು ಅಲ್ಲೇ ನೆಲದ ಮೇಲೆ ಕೂತು ಸೆರಗಿನಿಂದ ಒರೆಸತೊಡಗಿದ್ದು ನೋಡಿ ಅಪ್ಪ ಅದೇ ಕಾಫಿಯನ್ನು ನನಗೇ ಕುಡಿಸಿದರು.

ನಿನ್ನೆ ಬೆಳಗ್ಗೆ ನಾನು ಮಾಡಿದ್ದು ಕೇಳಿದರೆ ನೀನು ಬೈಯುತ್ತೀಯ. ನಿಧಾನರಾಯರ ಅಂಗಡಿಯಲ್ಲಿದ್ದ ಡಬ್ಬ ಅದರ ಮಾಲೀಕರ ಕೈಸೇರಿತ್ತು. ತಡೆದುಕೊಳ್ಳಲಾಗದೆ ಕೆಳಗಿನ ಮನೆಯ ಹಲ್ಲಿನ ಡಾಕ್ಟರನ್ನು ಕೇಳಿದೆ, ಪಾಪ, ಅವರು ಎಕ್ಸ್‌ರೇ ಇಡಲು ತಂದಿದ್ದ ಹೊಸ ಡಬ್ಬವನ್ನೇ ಕೊಟ್ಟರು. ಬೇರೆ ಕಂಪನಿಯದು. ಡಿಸ್ಕ್ ಹಾಕಿದೆ. ಒಂದು ಸಲ ಕರಕರ ಅಂದು ಸುಮ್ಮನಾಯಿತು. ಪರದೆಯ ಮೇಲೆ ಸಾಲು ಬಂತು: ಈ ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಬೇಕೇ? ಕೆಳಗೆ ಹೌದು, ಇಲ್ಲ. ಹೌದು ಎನ್ನುವುದಕ್ಕೆ ದೊಡ್ಡ ನೀಲಿ ಗುಂಡಿ. ಅಪ್ಪ ಬೆನ್ನ ಹಿಂದೆ ನಿಂತು "ಒತ್ತೇ, ಏನ್ ನೋಡ್ತಾ ಕೂತಿದ್ದೀಯ?" ಅನ್ನುತ್ತಿದ್ದರು, ಅವರಿಗೆ ಕನ್ನಡಕವಿಲ್ಲದೆ ಕಾಣುವುದಿಲ್ಲ. ನನ್ನ ಬೆರಳು ಗುಂಡಿಯ ಮೇಲೇ ಇತ್ತು. ಎಷ್ಟು ಹೊತ್ತೋ ಗೊತ್ತಿಲ್ಲ. ಆಮೇಲೆ 'ಇಲ್ಲ' ಒತ್ತಿ, ಡಬ್ಬ ಆರಿಸಿ, ಡಿಸ್ಕನ್ನು ಹೊರಗೆ ತೆಗೆದು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡೆ.

ಮಧ್ಯಾಹ್ನ ಅಂಗಡಿಗೆ ಓಡಿದೆ. ಬೇರೆ ಕಂಪನಿಯ ಡಬ್ಬಕ್ಕೆ ನಮ್ಮ ಡಿಸ್ಕಿನ ಬರಹ ಓದಲು ಬರುವುದಿಲ್ಲವಂತೆ, ಅದಕ್ಕೇ ಒರೆಸಿ ಹೊಸದಾಗಿ ಶುರುಮಾಡಲು ನೋಡುತ್ತದಂತೆ. ಅಲ್ಲಿ ನಾಲ್ಕು ಡಿಸ್ಕಿನ ದೊಡ್ಡ ಡಬ್ಬ ಮಿರಮಿರ ಮಿಂಚುತ್ತ ಕೂತಿತ್ತು, ಅದೂ ಬೇರೆ ಕಂಪನಿಯದೇ. ಯಾವುದು ಸಿಗುತ್ತೋ ಅದನ್ನ ತಗೊಂಡು ಬನ್ನಿ ಅಂತ ವಕೀಲರು ಫೋನಿನಲ್ಲಿ ಕೂಗುತ್ತಿದ್ದರು. ದೊಡ್ಡದೇ ತಗೋ ಅಂತ ಅಪ್ಪನ ಅಪ್ಪಣೆ ಬೇರೆ. ನಾನು ನಮ್ಮ ಹಳೇ ಡಬ್ಬದ ಕಂಪನಿಯದೇ, ಎರಡೇ ಡಿಸ್ಕಿನ ಸಣ್ಣದಕ್ಕೆ ಹೇಳಿ ಬಂದಿದ್ದೇನೆ. ಅದು ಅಂಗಡಿಯಲ್ಲಿಲ್ಲ, ನಾಳೆ ಬುಧವಾರ ಬರಬೇಕು. ತಡವಾದರೆ ಏನು ಗತಿ ಅಂತ ಹೆದರಿಕೆ. ಬಂದರೂ ಡಿಸ್ಕ್ ಏಳದಿದ್ದರೆ ಅಂತ ಇನ್ನೊಂದು ಹೆದರಿಕೆ. "ಈ ಮುದುಕ ಒಂದೇ ಸಲ ಎದ್ದು ಕೂರಬಹುದು, ನೀವು ಕೈ ಹಚ್ಚಬೇಡಿ, ನಾನೇ ನೋಡ್ತೀನಿ" ಅಂದಿದ್ದಾರೆ ನಿಧಾನರಾಯರು. ಜೊತೆಗೆ ಬಿಡಿ ಡಿಸ್ಕ್ ಒಂದನ್ನು ತೆಗೆದುಕೊಂಡೆ. ಇನ್ನುಮುಂದೆ ಎಲ್ಲದರ ಒಂದು ನಕಲು ಚಿಕ್ಕಮ್ಮನ ಮನೆಯಲ್ಲಿರಲಿ, ನನ್ನ ಕೈಗೆ ಸಿಗದ ಹಾಗೆ.

ಹೊಟ್ಟೆಗೆ ಸರಿಯಾಗಿ ತಿನ್ನು. ಅಪ್ಪ ನಿನಗೆ ಆಶೀರ್ವಾದ ತಿಳಿಸು ಅಂದಿದ್ದಾರೆ, ಎರಡು ಸಲ ಹೇಳಿದರು, ಎರಡು ಸಲ ಬರೆದೆ ಅಂದುಕೋ. ಶುಕ್ರವಾರ ಕೋರ್ಟಿನಲ್ಲಿ ನನ್ನ ಕಡೆ ನೋಡು, ಮುಂದಿನ ಬೆಂಚಿನಲ್ಲೇ ಇರುತ್ತೇನೆ.

ನಿನ್ನ
ಅಕ್ಕ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ವಕೀಲರ ಗುಮಾಸ್ತರು ಈ ಕಾಗದ ನಿನಗೆ ತಲುಪಿಸಲು ಬಾಗಿಲಲ್ಲೇ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಏಪ್ರಿಲಿನಲ್ಲಿ ಆ ಕಟ್ಟಡದ ಮ್ಯಾನೇಜರ್ ಫೋನ್ ಮಾಡಿ "ರೋಪ್ ಹಾಕಿಸಿ ಆಯ್ತು ಮೇಡಂ, ಬ್ರೇಕೂ ಆಯ್ತು" ಅಂದ. ನಿನಗೆ ಹೇಳಲಿಲ್ಲ. ನಿನ್ನ ಹಸಿರು ಫೋಟೋ ಬರುವವರೆಗೂ ಕಾಯಲಿಲ್ಲ. ಅವತ್ತು ಶನಿವಾರ, ಕೆಂಪು ಫೋಲ್ಡರ್ ಖಾಲಿ ಮಾಡಿ ಮುಗಿಸುವ ಆತುರ ನನಗೆ. ಅವತ್ತೂ ಅಳಿಸಲೇ ಅಂತ ಕೇಳಿತು, ಹೌದು ಒತ್ತಿದೆ. ಕೆಂಪಿನಲ್ಲಿ ಇಲ್ಲದ್ದರಿಂದಲೇ ನೀನು ಮತ್ತೆ ಅಲ್ಲಿಗೆ ಹೋಗಲಿಲ್ಲ. ನಿನ್ನೆ ಆ ನೀಲಿ ಗುಂಡಿಯ ಮೇಲೆ ಬೆರಳಿಟ್ಟಾಗ, ಇದನ್ನೂ ಒತ್ತಿದರೆ ಫೋಟೋ ಇತ್ತೆಂಬುದೇ ಉಳಿಯುವುದಿಲ್ಲ, ನಾನು ಮಾಡಿದ್ದು ಯಾರಿಗೂ ಗೊತ್ತಾಗುವುದಿಲ್ಲ ಅನ್ನಿಸಿತ್ತು ಗುಬ್ಬೀ. ಅನ್ನಿಸಿತ್ತು. ಕಾಗದಗಳನ್ನು ಅಲ್ಲಿ ಒಡೆದು ಓದುತ್ತಾರಂತೆ, ಓದಲಿ. ನಾಳೆ ಡಿಸ್ಕ್ ಎದ್ದರೂ ಏಳದಿದ್ದರೂ ಶುಕ್ರವಾರ ಇದನ್ನೇ ಜಡ್ಜ್ ಮುಂದೆ ಹೇಳುತ್ತೇನೆ, ವಕೀಲರಿಗೆ ಈಗಷ್ಟೇ ತಿಳಿಸಿದೆ. ಅಪ್ಪನಿಗೆ ಇನ್ನೂ ಹೇಳಿಲ್ಲ. ನೀನು ಮಾತ್ರ ಇನ್ನು ನಿನ್ನನ್ನೇ ಅನುಮಾನಿಸಬೇಡ. ಆ ಫೋಟೋ ನಾನು ಈ ಕಣ್ಣಿಂದ ನೋಡಿದ್ದೇನೆ: ಎಳೆ ಬಿಟ್ಟ ರೋಪ್, ಪಕ್ಕದಲ್ಲಿ ಅಳತೆಗೆ ಅಂತ ಹಿಡಿದ ನಿನ್ನ ಹೆಬ್ಬೆರಳು, ಉಗುರಿನಲ್ಲಿ ಗ್ರೀಸು. ನೀನು ನೋಡಿದ್ದೆ. ಅಳಿಸಿದ್ದು ನಾನು.