ಹಂಪಾಪುರದ ಚೀಟಿ

ಮಾರ್ಚ್ ೧೪, ಶನಿವಾರ

ಹುಣಸೂರಿನ ನಮ್ಮ ನೈಟ್ ಕ್ಲಬ್ಬಿಗೆ ಇವತ್ತು ಜೆಸಿಬಿ ಹಾಕಿದರು. ನೋಡಲು ಹೋಗಬಾರದಿತ್ತು, ಹೋದೆ. ಎಂಟು ವರ್ಷ ಪ್ರತಿ ಶನಿವಾರ ನಾನು ಹಾಡಿದ ವೇದಿಕೆ ಒಂದೇ ಏಟಿಗೆ ಇಟ್ಟಿಗೆ ರಾಶಿಯಾಯಿತು.

ಹೊಗೆಸೊಪ್ಪಿನ ಹರಾಜು ನಡೆಯುವ ತಿಂಗಳುಗಳಲ್ಲಿ ಅಲ್ಲಿ ಕೂರಲು ಕುರ್ಚಿ ಸಿಗುತ್ತಿರಲಿಲ್ಲ. ಎಲ್ಲರ ಅಂಗಿಯಲ್ಲೂ ಸೊಪ್ಪಿನ ಘಾಟು. ಬೇಕಾದ ಹಾಡನ್ನು ಚೀಟಿಯಲ್ಲಿ ಬರೆದು ಕಳಿಸುತ್ತಿದ್ದರು. ಹೆಸರು ಬರೆದರೆ ಮನೆಗೆ ಸುದ್ದಿ ಮುಟ್ಟುತ್ತದೆಂದು ಊರಿನ ಹೆಸರು ಮಾತ್ರ. ಹಂಪಾಪುರದಿಂದ ವಾರವಾರವೂ ಒಂದೇ ಹಾಡು. ಆ ಊರಿನ ಮೀಸೆಯವನೊಬ್ಬ ಮೂಲೆಯ ಟೇಬಲ್ಲಿನಲ್ಲಿ ಕೂರುತ್ತಿದ್ದ. ಅವನೇ ಅಂದುಕೊಂಡು, ಅವನನ್ನೇ ನೋಡುತ್ತ ಹಾಡಿದೆ. ಅವನ ಮದುವೆಯಾದಾಗ ಮೂರು ದಿನ ಊಟ ಬಿಟ್ಟೆ, ಹುಚ್ಚಿ.

ಸಪ್ಲೈಯರ್ ನಂಜಣ್ಣನೂ ಇವತ್ತು ಅಲ್ಲಿಗೆ ಬಂದಿದ್ದ. "ಅಕ್ಕಾ, ಆ ಅಂಪಾಪುರದ ಚೀಟಿ ಕೀಬೋರ್ಡ್ ಸಿದ್ದರಾಜಂದು ಕಣಕ್ಕಾ. ಅವ್ನೂ ಅದೇ ಊರೋನಲ್ವಾ? ಯಾರ್ಗೂ ಏಳ್ಬ್ಯಾಡ ಅಂತ ಆಣೆ ಆಕ್ಸಿದ್ದ. ಓದ್ವರ್ಸ ಅವ್ನೇ ತೀರ್ಕಂಡ, ಇನ್ಯಾಕೆ ಮುಚ್ಚಿಡ್ಲಿ?" ಅಂದ.

ಸಿದ್ದರಾಜು ನನ್ನ ಬೆನ್ನ ಹಿಂದೆಯೇ ಕೂತು ನುಡಿಸುತ್ತಿದ್ದ. ಆ ಹಾಡಿನ ಎರಡನೇ ಚರಣ ನನಗೆ ಯಾವಾಗಲೂ ಮರೆತುಹೋಗುತ್ತಿತ್ತು. ಮೆಲ್ಲಗೆ ಎತ್ತಿಕೊಡುತ್ತಿದ್ದವನು ಅವನೇ. ನಾನು ತಿರುಗದೆಯೇ ಮುಂದುವರಿಸುತ್ತಿದ್ದೆ, ಮೀಸೆಯವನನ್ನು ನೋಡುತ್ತ.

ಈಗ ಅದನ್ನೇ ಗುನುಗಲು ಹೋದೆ. ಮತ್ತೆ ಎರಡನೇ ಚರಣದಲ್ಲೇ ನಿಂತಿದ್ದೇನೆ. ಎತ್ತಿಕೊಡೋ, ಸಿದ್ದರಾಜು