ಟ್ಯಾಡ್ ತೋಳು ಜಗ್ಗಿದಾಗ

ಲ್ಯಾಕವಾನಾ, ನ್ಯೂಯಾರ್ಕ್ ರಾಜ್ಯ
೧೯ ನವೆಂಬರ್ ೧೯೮೬, ಬುಧವಾರ

ಮಗನೇ ಕ್ಯಾಸ್,

ಹೇಗಿದ್ದೀಯ? ಹೊಟ್ಟೆನೋವು ಕಡಿಮೆಯಾಯಿತೇ? ಭಾನುವಾರ ಫುಟ್‌ಬಾಲ್ ಮೈದಾನದ ಅಂಚಿನಲ್ಲಿ ನಿಂತು ನೀನು ಒಂದೇ ಸಮನೆ ಕಾಫಿ ಕುಡಿಯುತ್ತಿದ್ದೆ, ನನ್ನ ಸೀಟಿನಿಂದಲೇ ನೋಡಿದೆ. ಡಾಕ್ಟರು ಬೇಡ ಎಂದದ್ದು ನಿನ್ನ ತಲೆಯಲ್ಲಿ ಉಳಿದಂತಿಲ್ಲ. ಮಗುವಿಗೆ ಹಲ್ಲು ಬಂತೇ? ಇಲ್ಲಿ ಸರೋವರದ ಕಡೆಯಿಂದ ಹಿಮ ಶುರುವಾಗಿದೆ, ನನ್ನ ಮೊಣಕಾಲು ಎಂದಿನಂತೆ ಮುಷ್ಕರ ಹೂಡಿದೆ. ಬಾಗಿಲ ಮುಂದಿನ ಹಿಮವನ್ನು ಟ್ಯಾಡ್ ಸರಿಸಿಕೊಟ್ಟ. ಹೌದು, ಆಟದ ಋತುವಿನ ನಡುವೆ ನಿನ್ನ ತಮ್ಮ ಮನೆಯಲ್ಲಿದ್ದಾನೆ. ನಿನ್ನೆ ಬೆಳಿಗ್ಗೆ ತಂಡದವರು ಕರೆದು, ಇನ್ನು ನೀನು ಬೇಡ ಎಂದರಂತೆ. ಲಾಕರಿನಲ್ಲಿದ್ದದ್ದನ್ನೆಲ್ಲ ಕಸದ ಚೀಲದಲ್ಲಿ ತುಂಬಿಕೊಂಡು ಬಂದು, ಊಟ ಬೇಡವೆಂದು ಮಲಗಿಬಿಟ್ಟ.

ಜುಲೈ ತಿಂಗಳಲ್ಲಿ ಅಪ್ಪನ ವರ್ಷದ ಪೂಜೆಗೆ ಬಂದಿದ್ದೆಯಲ್ಲ, ಆ ಮಧ್ಯಾಹ್ನವೇ ನನಗೆ ಮತ್ತೆ ಮತ್ತೆ ನೆನಪಾಗುತ್ತಿದೆ. ಇಗರ್ಜಿಯಿಂದ ಬಂದು ಪಿಯೆರೋಗಿ ಮಾಡಲು ಕುಳಿತೆವು. ನಾನು ಆಲೂಗಡ್ಡೆ ತುಂಬಿ ಅಂಚು ಒತ್ತಿ ಕೊಟ್ಟಂತೆ ನೀನು ಆ ಕಡುಬುಗಳನ್ನು ಹಿಟ್ಟು ಉದುರಿಸಿದ ಮೇಜಿನ ಮೇಲೆ ಹನ್ನೊಂದು ಆಟಗಾರರಂತೆ ನಿಲ್ಲಿಸಿದೆ. ಅಪ್ಪ ಪ್ರತಿ ಶನಿವಾರ ಮಾಡುತ್ತಿದ್ದ ಕೆಲಸವೇ ಅದು, ನನಗೆ ಕಣ್ಣು ತುಂಬಿ ಬಂತು. "ಅಮ್ಮಾ, ಈ ಸಲ ನಿಮ್ಮ ಟ್ಯಾಡ್‌ನ ತಂಡದ ಡಿಫೆನ್ಸ್ ಹೇಗಿದೆ ಹೇಳು ನೋಡೋಣ" ಎಂದೆ. ನಾನು ಬಾಯಿ ತೆರೆದರೆ ನಿಲ್ಲಿಸುವವಳೇ? ಮುಂದಿನ ಸಾಲಿನ ನಾಲ್ವರು ದೈತ್ಯರು, ಅವರನ್ನು ದಾಟಿ ಚೆಂಡು ಹಿಡಿದು ಓಡುವುದು ಯಾರಿಂದಲೂ ಆಗದು ಎಂದೆ. ಬಲಗಡೆ ಅಂಚಿನ ಹುಡುಗ ಚುರುಕು, ಆದರೆ ಅವಸರಗೇಡಿ ಎಂದೆ. ಭಯವೇನಿದ್ದರೂ ಹಿಂದೆ, ನಡುಜಾಗದಲ್ಲಿ. ಅದನ್ನು ಕಾಯುವವನು ಟ್ಯಾಡ್. ಎದುರಾಳಿಯ ಚೆಂಡೆಸೆಯುವವನ ಮೇಲೆ ನುಗ್ಗಲು ಅವನನ್ನು ಕಳಿಸಿದಾಗ ಅವನ ಹಿಂದಿನ ಜಾಗ ಬಟಾಬಯಲು. ಎದುರಾಳಿಗೆ ಅದು ಮೊದಲೇ ತಿಳಿಯದಿದ್ದರೆ ಟ್ಯಾಡ್ ಗೆಲ್ಲುತ್ತಾನೆ, ತಿಳಿದರೆ ಮುಗಿಯಿತು.

ಆಗ ನೀನು ನಗುತ್ತಾ ಕೇಳಿದೆ, "ಅಮ್ಮಾ, ನುಗ್ಗೋಕ್ ಮುಂಚೆ ಅವನು ಈಗ್ಲೂ ಎಡತೋಳು ಜಗ್ಕೋತಾನಾ?" ಚಿಕ್ಕವನಿದ್ದಾಗ ಹಿತ್ತಲಿನಲ್ಲಿ ನಿನ್ನ ಮೇಲೆ ಹಾಯಲು ಬರುವ ಮುಂಚೆ, ನಿನ್ನ ಹಳೆಯ ಅಂಗಿಯ ಉದ್ದ ತೋಳನ್ನು ಮೇಲಕ್ಕೆ ಎಳೆದುಕೊಳ್ಳುತ್ತಿದ್ದನಲ್ಲ, ಅದೇ. "ಅಯ್ಯೋ, ಜಗ್ತಾನೆ ಕಣೋ, ಪಾಪ ಅವನಿಗೇ ಗೊತ್ತಿಲ್ಲ" ಎಂದೆ. ಇಬ್ಬರೂ ನಕ್ಕೆವು. ನನ್ನ ಹಿರಿಮಗ ತಮ್ಮನನ್ನು ನೆನೆಸಿಕೊಂಡು ನಗುತ್ತಿದ್ದಾನೆ ಎಂದುಕೊಂಡೆನೇ ಹೊರತು, ಎದುರು ತಂಡದ ಕೋಚ್ ಒಬ್ಬ ನನ್ನ ಅಡುಗೆಮನೆಯಲ್ಲಿ ಕೂತಿದ್ದಾನೆ ಎಂದು ನನಗೆ ಹೊಳೆಯಲೇ ಇಲ್ಲ. ನೀನು ಮಗನಂತೆ ಕೇಳಿದೆ, ಕೋಚಿನಂತೆ ಕೇಳಿಸಿಕೊಂಡೆ.

ಭಾನುವಾರ ಮೊದಲ ಸಲ ನಿಮ್ಮ ಚೆಂಡೆಸೆಯುವವನು ಟ್ಯಾಡ್‌ನ ಕೈಯನ್ನೇ ದಿಟ್ಟಿಸಿದಾಗ ನನಗೆ ಏನೂ ಅನಿಸಲಿಲ್ಲ. ಟ್ಯಾಡ್ ತೋಳು ಜಗ್ಗಿದ, ನಿಮ್ಮವನು ತನ್ನ ಹೆಲ್ಮೆಟ್ ತಟ್ಟಿ ತಂಡಕ್ಕೆ ಸನ್ನೆ ಮಾಡಿ ಆಟ ಬದಲಿಸಿದ, ಚೆಂಡು ನೇರವಾಗಿ ಟ್ಯಾಡ್ ಬಿಟ್ಟುಬಂದ ಜಾಗಕ್ಕೇ ಹೋಯಿತು. ಮತ್ತೊಮ್ಮೆ ಹಾಗೇ ಆದಾಗ ನನ್ನ ಅಡುಗೆಮನೆಯ ಮಾತು ನೆನಪಾಯಿತು. ಆಮೇಲೆ ನಾನು ಚೆಂಡು ನೋಡಲಿಲ್ಲ, ನಿನ್ನನ್ನೇ ನೋಡುತ್ತಿದ್ದೆ. ನಮ್ಮವರೇ ಟ್ಯಾಡ್‌ನ ಹೆಸರು ಹಿಡಿದು ಬೈಯುತ್ತಿದ್ದರು. ಪಕ್ಕದ ಸೀಟಿನ ಸ್ಟೆಫಾನಿಯಾ ಎಂದಿನಂತೆ ಸಮಾಧಾನ ಮಾಡಲು ಬಂದಳು: "ನಿಂಗೇನ್ ನಷ್ಟ ವಾಂಡಾ, ಯಾರು ಗೆದ್ರೂ ನಿನ್ ಮಗನೇ ತಾನೆ ಗೆಲ್ಲೋದು." ಅವಳ ಥರ್ಮಾಸನ್ನು ಅವಳ ತಲೆಗೇ ಬಡಿಯಬೇಕೆನಿಸಿತು.

ಗೆದ್ದೆಯಲ್ಲ, ಅದಕ್ಕೆ ನನಗೆ ಸಂಕಟವಿಲ್ಲ. ಎದುರು ತಂಡದ ದೌರ್ಬಲ್ಯ ಹುಡುಕುವುದಕ್ಕೇ ನಿನಗೆ ಸಂಬಳ, ಅದೂ ಗೊತ್ತು. ಹಳೆಯ ಆಟಗಳ ಫಿಲ್ಮು ನೋಡಿ ನೋಡಿ ನೀನೇ ಕಂಡುಹಿಡಿದಿದ್ದರೆ ಹೆಮ್ಮೆಪಡುತ್ತಿದ್ದೆ. ಆದರೆ ನೀನು ಅದನ್ನು ನನ್ನ ಬಾಯಿಂದ ಹೊರಡಿಸಿದೆ. ಆಟ ಮುಗಿದ ಮೇಲೆ ಹೊರಗಿನ ಓಣಿಯಲ್ಲಿ ಟ್ಯಾಡ್‌ನ ಹೆಗಲು ತಬ್ಬಿಕೊಂಡು, "ಬೇಜಾರ್ ಮಾಡ್ಕೋಬೇಡ ಕಣೋ, ಎಲ್ರಿಗೂ ಇಂಥ ದಿನ ಬರತ್ತೆ" ಎಂದೆಯಲ್ಲ, ಅದನ್ನು ಮಾತ್ರ ನನ್ನಿಂದ ನುಂಗಲಾಗುತ್ತಿಲ್ಲ. ನಾನು ಪಕ್ಕಕ್ಕೆ ಎಳೆದು ಕೇಳಿದರೆ, "ಇದು ನನ್ನ ಕೆಲ್ಸ ಅಮ್ಮಾ, ನೀನಾದ್ರೂ ಅರ್ಥ ಮಾಡ್ಕೋ" ಎಂದು ಬಸ್ಸು ಹತ್ತಿದೆ. ನನಗೆ ಅರ್ಥವಾಯಿತು, ಅದಕ್ಕೇ ಈ ಸಿಟ್ಟು. ನೀನು ನಮ್ಮಿಬ್ಬರಿಗೂ ಮೋಸ ಮಾಡಿದೆ.

ಮುಂದಿನ ಗುರುವಾರ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ಬಾ ಎಂದು ಈ ಸಲ ನಾನು ಕರೆಯುವುದಿಲ್ಲ, ಬರಬೇಡ ಎನ್ನಲೂ ನಾಲಿಗೆ ಏಳುವುದಿಲ್ಲ. ಹೊಟ್ಟೆಗೆ ಹಾಲು ಕುಡಿ. ಸೊಸೆಗೆ ನನ್ನ ನೆನಪು ತಿಳಿಸು, ಮಗುವಿನ ಎರಡೂ ಕೆನ್ನೆಗೆ ನನ್ನ ಮುತ್ತು ಕೊಡು. ದೇವರು ನಿನ್ನನ್ನು ಕಾಯಲಿ, ನನಗೆ ಇವತ್ತು ಅಷ್ಟು ದೊಡ್ಡ ಮನಸ್ಸಿಲ್ಲ.

ನಿನ್ನ ಅಮ್ಮ,
ವಾಂಡಾ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಟ್ಯಾಡ್ ಎದ್ದು ಬಂದ. ಬೇರೊಂದು ತಂಡದವರು ಬರುವ ಬುಧವಾರ ಪರೀಕ್ಷೆಗೆ ಬಾ ಎಂದಿದ್ದಾರಂತೆ, ಇದೇ ಕೊನೆಯ ಅವಕಾಶ ಅನ್ನುತ್ತಾನೆ. ತೋಳಿನ ವಿಷಯ ನಾನೇ ಹೇಳಬಹುದಿತ್ತು. ಹೇಳಿದರೆ ನಿಮ್ಮ ತಂಡಕ್ಕೆ ಹೇಗೆ ಗೊತ್ತಾಯಿತು ಎಂದು ಕೇಳುತ್ತಾನೆ, ಅದಕ್ಕೆ ಉತ್ತರ ಕೊಡಬೇಕಾದವಳು ನಾನಲ್ಲ. ತನ್ನ ಕಾಲು ನಿಧಾನವಾಗಿದೆ, ವಯಸ್ಸಾಯಿತು ಎಂದುಕೊಂಡಿದ್ದಾನೆ ಪಾಪ. ಪತ್ರ ನಿನಗೆಂದು ತಿಳಿದ ಕೂಡಲೇ ಮುಖ ಅರಳಿತು. ಭಾನುವಾರ ರಾತ್ರಿ ನಿನಗೆ ಫೋನ್ ಮಾಡುತ್ತಾನಂತೆ, ಎಲ್ಲಿ ತಪ್ಪುತ್ತಿದೆ ಎಂದು ನಿನ್ನನ್ನೇ ಕೇಳುತ್ತಾನಂತೆ. "ನನ್ ಆಟ ಅಣ್ಣಂಗ್ ಗೊತ್ತಿರೋಷ್ಟು ಇನ್ಯಾರಿಗ್ ಗೊತ್ತಮ್ಮಾ" ಅಂದ.