ಸತ್ತ ಇಲಿಗಳು ಹೇಳಿ ಹೋದ ಉತ್ತರ

ಮಾನ್ಯ ಕಾರ್ಖಾನೆ ತಪಾಸಣಾಧಿಕಾರಿಗಳೇ,

ಕಳೆದ ಏಪ್ರಿಲ್‌ನಲ್ಲಿ ತಾವು ಚನ್ನರಾಯಪಟ್ಟಣದ ಬಳಿಯ ಚಪ್ಪಲಿ ಕಾರ್ಖಾನೆಗೆ ಅದೇ ಹಳೆಯ ಅಂಟನ್ನು ಬಳಸಲು ಬಿಟ್ಟಿರಿ; ಅದರ ಆವಿ ಕುಡಿದು ಹೆಂಗಸರ ಕಾಲು ಮರಗಟ್ಟುತ್ತಿದೆ ಎಂದು ನಾನು ದೂರು ಕೊಟ್ಟ ಮೇಲೂ ಬಿಟ್ಟಿರಿ. "ಈ ಆವಿ ನರಗಳಿಗೆ ಹಾನಿಕರವೇ ಎಂದು ಇಲಿಗಳ ಮೇಲೆ ಪರೀಕ್ಷೆಯಾಗಬೇಕು, ಅಲ್ಲಿಯವರೆಗೆ ಕ್ರಮ ಸಾಧ್ಯವಿಲ್ಲ" ಎಂಬುದು ತಮ್ಮ ಉತ್ತರ. ಎಂಥ ಎಚ್ಚರಿಕೆ! ಹೆಂಗಸರ ಮೇಲೆ ನಡೆಯುತ್ತಿರುವ ಪರೀಕ್ಷೆಗೆ ಮಾತ್ರ ಯಾರ ಅಪ್ಪಣೆಯೂ ಬೇಕಾಗಲಿಲ್ಲ.

ನಾನು ಶ್ರವಣಬೆಳಗೊಳದಲ್ಲಿ ಆ ಚಪ್ಪಲಿಗಳನ್ನೇ ಮಾರುವವಳು. ಚರ್ಮವಿಲ್ಲದ ಚಪ್ಪಲಿ. ನಮ್ಮ ಜೈನ ಯಾತ್ರಿಕರು ಹುಡುಕಿಕೊಂಡು ಬರುತ್ತಾರೆ. "ಯಾವ ಜೀವಕ್ಕೂ ನೋವಿಲ್ಲ" ಎಂದು ಬೋರ್ಡನ್ನೂ ಬರೆಸಿದ್ದೆ. ಮಾರ್ಚ್‌ನಲ್ಲಿ ಆ ಕಾರ್ಖಾನೆಯಲ್ಲಿ ಅಂಟು ಹಚ್ಚುವ ಬೆಟ್ಟಮ್ಮ ಮಾಲು ತಂದವಳು, ಬಂದದ್ದೇ ಬಂದೆ ಎಂದು ನಡುಮಧ್ಯಾಹ್ನ ಬೆಟ್ಟ ಹತ್ತಿದಳು. ಬಂಡೆ ಕಾದ ಹೆಂಚು. ಬರಿಗಾಲಿನ ಜನ ಕುಣಿಯುತ್ತ ಇಳಿಯುತ್ತಿದ್ದರೆ, ಈಕೆ ಬರಿಗಾಲಲ್ಲೇ ತಣ್ಣಗೆ ಒಂದೊಂದೇ ಮೆಟ್ಟಿಲು ಇಳಿದು ಬಂದಳು.

"ಏನು ಭಕ್ತಿ ಬೆಟ್ಟಮ್ಮ ನಿಂದು! ಸುಡಲಿಲ್ವಾ?" ಎಂದೆ.

"ಅಯ್ಯೋ, ಭಕ್ತಿ ಎಲ್ಲಿಂದ ಬಂತು ಅಮ್ಮಾರೇ? ಕಾಲ್ಗೆ ಏನೂ ಗೊತ್ತಾಗಕ್ಕಿಲ್ಲ. ಮೊನ್ನೆ ಬಸ್‌ಸ್ಟ್ಯಾಂಡಲ್ಲಿ ಒಂದು ಚಪ್ಲಿ ಕಳ್ಚೋಗಿತ್ತು, ಮನೇಗ್ ಹೋದ್ಮೇಲೆ ನೋಡ್ಕಂಡೆ. ಚಪ್ಲಿ ಮಾಡೋಳ ಕಾಲಲ್ಲೇ ಚಪ್ಲಿ ನಿಲ್ಲಕ್ಕಿಲ್ಲ, ತಮಾಸೆ ಅಲ್ವಾ ಅಮ್ಮಾರೇ!"

ಅಂಗಾಲಿನ ತುಂಬ ಬೊಬ್ಬೆ ಎದ್ದಿತ್ತು. ಅವಳು ನಗುತ್ತಿದ್ದಳು. ನಾನೂ ನಕ್ಕೆ; ಅದಕ್ಕಿಂತ ಹೀನವೆಂದರೆ, ಅವಳು ತಂದ ಮಾಲನ್ನು ಇಳಿಸಿಕೊಂಡೆ. ಈಗ ಅವಳು ಗೋಡೆ ಹಿಡಿದು ನಡೆಯುತ್ತಾಳೆ. ಆವಿಯಿಂದ ಈಗಲೇ ದೂರವಾದರೆ ಕಾಲಿಗೆ ಜೀವ ಬರಬಹುದು, ತಡವಾದರೆ ಹೇಳಲಾರೆ ಎಂದಿದ್ದಾರೆ ಹಾಸನದ ಡಾಕ್ಟರು. ಕೆಲಸ ಬಿಟ್ಟರೆ ಅವಳ ಮನೆಯಲ್ಲಿ ಒಲೆ ಉರಿಯದು.

ತಮ್ಮ ಉತ್ತರ ಬಂದ ದಿನ, ಆ ಇಲಿಗಳ ಕಾಲಾದರೂ ಬೇಗ ಬಿದ್ದುಹೋಗಲಿ ಎಂದು ಬಯಸಿದೆ. ಹೊತ್ತು ಮುಳುಗುವ ಮುಂಚೆ ಉಣ್ಣುವವಳು, ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವವಳು, ಹಾಗೆ ಬಯಸಿದೆ. ಆ ನಾಚಿಕೆಯಲ್ಲೇ ಪುಸ್ತಕಗಳನ್ನು ತಡಕಿದೆ. ಸ್ವಾಮಿ, ತಾವು ಕಾಯುತ್ತಿರುವ ಪರೀಕ್ಷೆ ಮುಗಿದು ದಶಕಗಳೇ ಆಗಿವೆ! ಅಂಟಿನ ಡಬ್ಬಿಯ ಮೇಲೆ ಹೆಸರಿರುವ ಹೆಕ್ಸೇನ್ ಆವಿಯನ್ನು ತಿಂಗಳುಗಟ್ಟಲೆ ಉಸಿರಾಡಿದ ಇಲಿಗಳು ಹಿಂಗಾಲು ಎಳೆದುಕೊಂಡು ತೆವಳಿದವೆಂದು ವಿಷವಿಜ್ಞಾನದ ಪಠ್ಯಗಳಲ್ಲೇ ಇದೆ. ಅವು ಉತ್ತರ ಹೇಳಿಯೇ ಸತ್ತವು. ತಾವು ಓದಲಿಲ್ಲವೆಂದು ಇನ್ನೊಂದು ಹಿಂಡು ಸಾಯಬೇಕೆ?

ಬೋರ್ಡನ್ನು ಇಳಿಸಿದ್ದೇನೆ. ಅದರಿಂದ ಬೆಟ್ಟಮ್ಮನ ಅಂಗಾಲಿಗೆ ಸುಡುವುದು ಮತ್ತೆ ತಿಳಿಯುವಂತಾಗದು, ಗೊತ್ತು. ಇಲಿಗಳನ್ನು ಬಿಟ್ಟುಬಿಡಿ, ಆ ಅಂಟನ್ನು ನಿಲ್ಲಿಸಿ, ಹೆಂಗಸರ ಕೂಲಿ ನಿಲ್ಲದಂತೆ ನೋಡಿಕೊಳ್ಳಿ. ಆಗದೆಂದಾದರೆ ಆ ಅಂಟಿನ ಕೋಣೆಗೇ ಬನ್ನಿ. ಬೆಟ್ಟಮ್ಮನ ಎದುರು ಕೂತು, ಊರಿಗೆಲ್ಲ ಕೇಳುವಂತೆ ಹೇಳಿ: ಇನ್ನು ಯಾರ ಕಾಲು ಸತ್ತರೆ ತಮಗೆ ಪುರಾವೆ?

ಇಂತಿ,
ನೋವಿಲ್ಲವೆಂದು ನಂಬಿಸಿ ಮಾರಿದ
ಅನಂತಮ್ಮ, ಚಪ್ಪಲಿ ಅಂಗಡಿ, ಶ್ರವಣಬೆಳಗೊಳ